ಕಾಂಟೆಂಟ್ ಒಂದೇ, ಕಂಪನಿ ಬೇರೆ: ಒಂದೇ ಮಾತ್ರೆಗೆ ಎಷ್ಟು ಹೆಸರು?

ಪ್ರಶ್ನೆ: ನಮ್ಮ ಅಮ್ಮನಿಗೆ 68 ವರ್ಷ. ಬಿಪಿಗೆ ಬಹಳ ವರ್ಷಗಳಿಂದ ಟೆಲ್ಮಾ 40 ತೆಗೆದುಕೊಳ್ಳುತ್ತಿದ್ದಾರೆ. ಕಳೆದ ತಿಂಗಳು ಜ್ವರ ಬಂದು ಎರಡು ದಿನ ಆಸ್ಪತ್ರೆಯಲ್ಲಿದ್ದರು. ಡಿಸ್ಚಾರ್ಜ್ ಸಮರಿಯಲ್ಲಿ ‘ಟೆಲ್ಮಿಸಾರ್ಟನ್ 40’ ಎಂದಿತ್ತು. ಮನೆ ಹತ್ತಿರದ ಮೆಡಿಕಲ್ ಶಾಪ್‌ನಲ್ಲಿ ಅದಕ್ಕೆ ಟೆಲ್ಮಿಕೈಂಡ್ ಕೊಟ್ಟರು. ಅಮ್ಮ ಹಳೆಯದನ್ನು ಬೆಳಿಗ್ಗೆ, ಹೊಸದನ್ನು ರಾತ್ರಿ ಎಂದು ನಾಲ್ಕು ದಿನ ನುಂಗಿದ ಮೇಲೆ ನನಗೆ ಗೊತ್ತಾಯಿತು. ಜನೌಷಧಿಯಲ್ಲಿ ಕೇಳಿದರೆ ಮೂರನೇ ಥರದ ಸ್ಟ್ರಿಪ್ ಕೊಟ್ಟರು, ಅದರ ಮೇಲೆ ಬ್ರ್ಯಾಂಡ್ ಹೆಸರೇ ಇಲ್ಲ. ಇದರ ಜೊತೆಗೆ ಅಮೆರಿಕದಲ್ಲಿರುವ ತಮ್ಮ ಅಮ್ಮನ ಮಂಡಿನೋವಿಗೆ ಅಂತ ಟೈಲೆನಾಲ್ ಡಬ್ಬಿ ಕಳಿಸಿದ್ದಾನೆ. ಅದರಲ್ಲಿರುವ ಅಸಿಟಮಿನೋಫೆನ್ ಇಲ್ಲಿ ಸಿಗುವುದಿಲ್ಲ, ಡೋಲೋಗಿಂತ ಒಳ್ಳೆಯದು ಎನ್ನುತ್ತಾನೆ. ಇವೆಲ್ಲ ಒಂದೇನಾ, ಬೇರೆಬೇರೆನಾ? ಗುರುತಿಸುವುದು ಹೇಗೆ? ಮನೆಯಲ್ಲಿ ಉಳಿದಿರುವ ಎರಡು ಸ್ಟ್ರಿಪ್ ಟೆಲ್ಮಾ ಏನು ಮಾಡಲಿ?
ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಮೂರೂ ಸ್ಟ್ರಿಪ್‌ನಲ್ಲಿರುವುದು ಒಂದೇ ಔಷಧ, ಟೆಲ್ಮಿಸಾರ್ಟನ್ 40 ಮಿಗ್ರಾಂ. ದಿನಕ್ಕೆ ಅವುಗಳಲ್ಲಿ ಯಾವುದಾದರೂ ಒಂದು ಮಾತ್ರ. ಟೈಲೆನಾಲ್ ಮತ್ತು ಡೋಲೋ ಕೂಡ ಒಂದೇ ಔಷಧ.

ಮೊದಲು ಅಮ್ಮನ ವಿಷಯ. ನಾಲ್ಕು ದಿನ ಅವರ ಹೊಟ್ಟೆಗೆ ದಿನಕ್ಕೆ 80 ಮಿಗ್ರಾಂ ಹೋಗಿದೆ. ಬಿಪಿಗೆ ಟೆಲ್ಮಿಸಾರ್ಟನ್ ಕೊಡುವ ಗರಿಷ್ಠ ಪ್ರಮಾಣ ಅದೇ 80, ಹಾಗಾಗಿ ಗಾಬರಿ ಬೇಡ. ಆದರೆ ಅವರಿಗೆ ವೈದ್ಯರು ಬರೆದದ್ದು 40. ಇವತ್ತು ಬಿಪಿ ಎರಡು ಸಲ ನೋಡಿ: ಐದು ನಿಮಿಷ ಸುಮ್ಮನೆ ಕೂತ ಮೇಲೆ ಒಮ್ಮೆ, ಎದ್ದು ನಿಂತು ಒಂದರಿಂದ ಮೂರು ನಿಮಿಷದೊಳಗೆ ಇನ್ನೊಮ್ಮೆ. ನಿಂತಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ, ಅಥವಾ ಹಾಸಿಗೆಯಿಂದ ಏಳುವಾಗ ತಲೆ ತಿರುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ ಎಂದರೆ ಅವರ ವೈದ್ಯರಿಗೆ ಹೇಳಿ. ಕಿಡ್ನಿ ತೊಂದರೆ ಇದ್ದರೆ, ಅಥವಾ ಅಡುಗೆಗೆ ‘ಲೋ ಸೋಡಿಯಂ’ ಉಪ್ಪು ಬಳಸುತ್ತಿದ್ದರೆ, ರಕ್ತದ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಬೇಕೇ ಎಂದು ಕೇಳಿ. ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಏರಿಸುತ್ತದೆ, ಆ ಥರದ ಉಪ್ಪಿನಲ್ಲಿ ಸೋಡಿಯಂ ಬದಲು ಹಾಕಿರುವುದೂ ಪೊಟ್ಯಾಸಿಯಮ್ಮೇ.

ನಿಮ್ಮ ಮನೆಯಲ್ಲಿ ಆದದ್ದು ಅಮ್ಮನ ತಪ್ಪಲ್ಲ. ಆಸ್ಪತ್ರೆಯಿಂದ ಬಂದ ಮೊದಲ ವಾರದಲ್ಲಿ ಹೀಗಾಗುವುದು ತೀರಾ ಸಾಮಾನ್ಯ. ಹಳೆಯ ಡಬ್ಬಿಯಲ್ಲಿ ಬ್ರ್ಯಾಂಡ್ ಹೆಸರು, ಹೊಸ ಚೀಟಿಯಲ್ಲಿ ಔಷಧದ ಹೆಸರು, ಕೈಗೆ ಬಂದ ಸ್ಟ್ರಿಪ್‌ನಲ್ಲಿ ಮತ್ತೊಂದು ಬ್ರ್ಯಾಂಡ್. ಮೂರು ಹೆಸರು ನೋಡಿದವರು ಮೂರು ಮಾತ್ರೆ ಎಂದುಕೊಳ್ಳದೆ ಇನ್ನೇನು ಅಂದುಕೊಂಡಾರು?

ಒಂದು ಔಷಧಕ್ಕೆ ಮುಖ್ಯವಾಗಿ ಮೂರು ಬಗೆಯ ಹೆಸರಿರುತ್ತದೆ. ಮೊದಲನೆಯದು ರಾಸಾಯನಿಕ ಹೆಸರು. ಅದು ಮಾರುದ್ದ ಇರುತ್ತದೆ, ಮನೆಯಲ್ಲಿ ಅದರ ಗೊಡವೆ ಬೇಡ. ಎರಡನೆಯದು ಜನರಿಕ್ ಹೆಸರು, ಅಂದರೆ ಆ ಔಷಧದ ನಿಜವಾದ ಹೆಸರು. ಜಗತ್ತಿಗೆಲ್ಲ ಒಂದೇ ಹೆಸರಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಇಂಥ ಹೆಸರುಗಳನ್ನು ಆರಿಸುತ್ತದೆ, ಅದರ ಮೊದಲ ಪಟ್ಟಿ ಹೊರಬಂದದ್ದು 1953ರಲ್ಲಿ. ಟೆಲ್ಮಿಸಾರ್ಟನ್ ಅಂಥ ಹೆಸರು. ಮೂರನೆಯದು ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು. ಟೆಲ್ಮಾ ಗ್ಲೆನ್‌ಮಾರ್ಕ್‌ನದು, ಟೆಲ್ಮಿಕೈಂಡ್ ಮ್ಯಾನ್‌ಕೈಂಡ್‌ನದು. ಟೆಲ್ಮಾನೇ ‘ಅಸಲಿ’, ಉಳಿದದ್ದೆಲ್ಲ ಅದರ ನಕಲು ಎಂದು ಅನೇಕರು ನಂಬಿದ್ದಾರೆ. ಹಾಗಲ್ಲ. ಈ ಔಷಧದ ಮೂಲ ಬ್ರ್ಯಾಂಡ್ ಜರ್ಮನಿಯ ಬೋಹ್ರಿಂಗರ್ ಇಂಗೆಲ್‌ಹೈಮ್ ಕಂಪನಿಯ ಮೈಕಾರ್ಡಿಸ್. ನಿಮ್ಮ ಬಳಿಯಿರುವ ಮೂರೂ ಆಮೇಲೆ ಬೇರೆ ಕಂಪನಿಗಳು ತಯಾರಿಸಿದವೇ. ಎರಡಕ್ಕೆ ಬ್ರ್ಯಾಂಡ್ ಹೆಸರಿಟ್ಟು ಪ್ರಚಾರ ಮಾಡಿದ್ದಾರೆ, ಜನೌಷಧಿಯದಕ್ಕೆ ಮಾಡಿಲ್ಲ. ಬೆಲೆಯ ವ್ಯತ್ಯಾಸದ ದೊಡ್ಡ ಪಾಲು ಅಲ್ಲಿದೆ.

ಗುಣಮಟ್ಟದ ಬಗ್ಗೆ ನಿಮಗೆ ಅನುಮಾನ ಬರುವುದು ಸಹಜ. ಟೆಲ್ಮಿಸಾರ್ಟನ್‌ನಂತೆ ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳನ್ನು ಹೊಸದಾಗಿ ತಯಾರಿಸುವವರು, ತಮ್ಮ ಮಾತ್ರೆಯೂ ಮೂಲದಷ್ಟೇ ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆ ಎಂದು ಪರೀಕ್ಷೆ ಮಾಡಿ ತೋರಿಸಬೇಕು ಎಂಬ ನಿಯಮ 2017ರಲ್ಲಿ ಬಂತು. ಬಿಪಿಯ ಮಾತ್ರೆಗಾದರೆ ಮನೆಯಲ್ಲೂ ಒಂದು ಪರೀಕ್ಷೆ ಸಾಧ್ಯ: ಬ್ರ್ಯಾಂಡ್ ಬದಲಿಸಿದ ಮೇಲೆ ಎರಡು ವಾರ, ದಿನಾ ಒಂದೇ ಹೊತ್ತಿಗೆ ಬಿಪಿ ನೋಡಿ ಬರೆದಿಡಿ. ಅಂಕಿ ಮೊದಲಿನಂತೆಯೇ ಇದ್ದರೆ ಮುಗಿಯಿತು.

ಈಗ ಟೈಲೆನಾಲ್. ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ಸರಿ: ಅಸಿಟಮಿನೋಫೆನ್ ಎಂಬ ಹೆಸರು ಇಲ್ಲಿ ಸಿಗುವುದಿಲ್ಲ. ಔಷಧವೇನೋ ಬೀದಿಗೊಂದು ಅಂಗಡಿಯಲ್ಲಿ ಸಿಗುತ್ತದೆ, ನಾವು ಅದನ್ನು ಪ್ಯಾರಾಸಿಟಮಾಲ್ ಎನ್ನುತ್ತೇವೆ. ಎರಡೂ ಹೆಸರು ಹುಟ್ಟಿದ್ದು ‘ಪ್ಯಾರಾ-ಅಸಿಟೈಲ್-ಅಮಿನೋ-ಫೀನಾಲ್’ ಎಂಬ ಒಂದೇ ಉದ್ದ ಹೆಸರನ್ನು ಕತ್ತರಿಸಿ. ಒಂದು ಕಡೆಯವರು ‘ಪ್ಯಾರಾ’ದಿಂದ ಶುರುಮಾಡಿ ಕೊನೆಯ ‘ಆಲ್’ ಉಳಿಸಿಕೊಂಡರು, ಅಮೆರಿಕದವರು ‘ಅಸಿಟ್’ನಿಂದ ಶುರುಮಾಡಿ ‘ಫೆನ್’ಗೆ ನಿಲ್ಲಿಸಿದರು. ಕ್ರೋಸಿನ್, ಕ್ಯಾಲ್ಪಾಲ್, ನಮ್ಮ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್‌ನ ಡೋಲೋ 650, ಅಮೆರಿಕದ ಟೈಲೆನಾಲ್ ಎಲ್ಲದರೊಳಗೂ ಅದೇ.

ಅಪಾಯವಿರುವುದು ಇಲ್ಲಿ. ಯಾವ ಟೈಲೆನಾಲ್ ಎಂದು ನೀವು ಬರೆದಿಲ್ಲ. ಮಂಡಿನೋವಿಗೆ ಎಂದು ಕಳಿಸಿದ್ದರೆ ಅದು ‘ಆರ್ಥ್ರೈಟಿಸ್’ ಎಂದು ಬರೆದಿರುವ, ನಿಧಾನವಾಗಿ ಕರಗುವ 650 ಮಿಗ್ರಾಂ ಮಾತ್ರೆ ಇರಬಹುದು. ಅದರ ಲೇಬಲ್ ಹೇಳುವುದು 8 ಗಂಟೆಗೊಮ್ಮೆ ಎರಡು, ದಿನಕ್ಕೆ 6ಕ್ಕಿಂತ ಹೆಚ್ಚಿಲ್ಲ. 650ನ್ನು 6ರಿಂದ ಗುಣಿಸಿ: 3,900 ಮಿಗ್ರಾಂ. ಆರೋಗ್ಯವಂತ ವಯಸ್ಕರಿಗೆ ದಿನದ ಮಿತಿ 4,000. ಅದೇ ದಿನ ಮೈ ಬೆಚ್ಚಗಿದೆ ಎಂದು ಒಂದು ಡೋಲೋ 650 ನುಂಗಿದರೆ 4,550. ಜೊತೆಗೆ ಶೀತಕ್ಕೆಂದು ಸಿನಾರೆಸ್ಟ್‌ನಂಥ ಮಾತ್ರೆ ಹೋದರೆ ಅದರೊಳಗೂ ಪ್ಯಾರಾಸಿಟಮಾಲ್. ನೋವಿಗೆ ಕೊಡುವ ಕಾಂಬಿಫ್ಲಾಮ್, ಜೆರೋಡಾಲ್-ಪಿ, ಅಲ್ಟ್ರಾಸೆಟ್ ಮೂರರಲ್ಲೂ ಒಂದೊಂದು ಮಾತ್ರೆಗೆ 325 ಮಿಗ್ರಾಂ ಅದೇ ಇದೆ. ಯಾರೂ ‘ಪ್ಯಾರಾಸಿಟಮಾಲ್ ಜಾಸ್ತಿ ತಗೊಂಡೆ’ ಎಂದುಕೊಳ್ಳುವುದಿಲ್ಲ. ಮಂಡಿಗೊಂದು, ಜ್ವರಕ್ಕೊಂದು, ನೆಗಡಿಗೊಂದು ತಗೊಂಡೆ ಎಂದುಕೊಳ್ಳುತ್ತಾರೆ. ಲಿವರ್‌ಗೆ ಮಾತ್ರ ಒಟ್ಟು ಲೆಕ್ಕವೇ ಲೆಕ್ಕ. ಮಿತಿ ಮೀರಿದ ಮೊದಲ ದಿನ ಸ್ವಲ್ಪ ವಾಕರಿಕೆ ಬಿಟ್ಟರೆ ಏನೂ ಗೊತ್ತಾಗದೇ ಇರಬಹುದು, ಹಾನಿ ಒಳಗೊಳಗೇ ನಡೆದಿರುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ, 8 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಹೆಚ್ಚಾಗಿ ಹೋಗಿದೆ ಎಂದು ಗೊತ್ತಾದ ಕೂಡಲೇ ಆಸ್ಪತ್ರೆಗೆ ಹೋಗಬೇಕು, ‘ನೋಡೋಣ, ಏನಾದರೂ ಆದರೆ ಹೋಗೋಣ’ ಎನ್ನುವಂತಿಲ್ಲ. ವಯಸ್ಸಾದವರು, ಮೈತೂಕ ಕಡಿಮೆ ಇರುವವರು, ಲಿವರ್ ತೊಂದರೆ ಅಥವಾ ಕುಡಿತ ಇರುವವರ ಮಿತಿ 4,000ಕ್ಕಿಂತ ಕಡಿಮೆ. ಅಮ್ಮನಿಗೆ ಎಷ್ಟು ಎಂದು ವೈದ್ಯರಿಂದಲೇ ಕೇಳಿಕೊಳ್ಳಿ. ಅಂದಹಾಗೆ ನಿಧಾನವಾಗಿ ಕರಗುವ ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಬಾರದು.

ಹೊರದೇಶದ ಡಬ್ಬಿಗಳ ಬಗ್ಗೆ ಇನ್ನೊಂದು ಮಾತು. ಅಲ್ಲಿನ ಆಲ್ಬುಟೆರಾಲ್ ನಮ್ಮ ಸಾಲ್ಬುಟಮಾಲ್, ಗ್ಲೈಬುರೈಡ್ ನಮ್ಮ ಗ್ಲಿಬೆನ್‌ಕ್ಲಮೈಡ್, ಎಪಿನೆಫ್ರಿನ್ ನಮ್ಮ ಅಡ್ರಿನಲಿನ್. ಇವು ಹೆಸರು ಬೇರೆ, ಔಷಧ ಒಂದೇ. ಅದಕ್ಕಿಂತ ಕೆಟ್ಟದ್ದು ಹೆಸರು ಒಂದೇ ಇದ್ದು ಔಷಧ ಬೇರೆಯಾಗುವುದು. ಅಮೆರಿಕದ ಫ್ಲೋಮ್ಯಾಕ್ಸ್ ಪ್ರೊಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್, ಇಟಲಿಯಲ್ಲಿ ಅದೇ ಹೆಸರಿನಲ್ಲಿ ನೋವು-ಊತದ ಮಾತ್ರೆಯಿತ್ತು. ಆದ್ದರಿಂದ ಅಮೆರಿಕಕ್ಕೆ ಮಗನ ಮನೆಗೆ ಹೊರಟ ತಂದೆತಾಯಿಯ ಕೈಯಲ್ಲಿ ಬ್ರ್ಯಾಂಡ್ ಹೆಸರಿನ ಚೀಟಿ ಇದ್ದರೆ ಸಾಲದು.

ಇನ್ನು ಗುರುತಿಸುವ ಬಗೆ. ಸ್ಟ್ರಿಪ್ ತಿರುಗಿಸಿ, ಫಾಯಿಲ್ ಕಡೆ ನೋಡಿ. ಸಣ್ಣ ಅಕ್ಷರದಲ್ಲಿ ‘ಈಚ್ ಅನ್‌ಕೋಟೆಡ್ ಟ್ಯಾಬ್ಲೆಟ್ ಕಂಟೇನ್ಸ್’ ಅಥವಾ ‘ಈಚ್ ಫಿಲ್ಮ್ ಕೋಟೆಡ್ ಟ್ಯಾಬ್ಲೆಟ್ ಕಂಟೇನ್ಸ್’ ಎಂದು ಶುರುವಾಗುವ ಸಾಲಿರುತ್ತದೆ. ಮಾತ್ರೆಯ ನಿಜವಾದ ವಿಳಾಸ ಅದು. ಟೆಲ್ಮಾ, ಟೆಲ್ಮಿಕೈಂಡ್, ಜನೌಷಧಿ ಮೂರರಲ್ಲೂ ಅಲ್ಲಿ ‘ಟೆಲ್ಮಿಸಾರ್ಟನ್ ಐಪಿ 40 ಎಂಜಿ’ ಎಂದೇ ಇರುತ್ತದೆ. ‘ಐಪಿ’ ಎಂದರೆ ಭಾರತೀಯ ಔಷಧಕೋಶದ (ಇಂಡಿಯನ್ ಫಾರ್ಮಕೋಪಿಯ) ಮಾನದಂಡದಂತೆ ತಯಾರಾದದ್ದು ಎಂದರ್ಥ, ಅದು ಬೇರೆ ಔಷಧವಲ್ಲ. ಅಕ್ಷರ ಕಾಣದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಫಾಯಿಲ್ ಹೊಳೆಯುವುದರಿಂದ ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ 2023ರ ಆಗಸ್ಟ್ 1ರಿಂದ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಸ್ಕ್ಯಾನ್ ಮಾಡಿದರೆ ಜನರಿಕ್ ಹೆಸರು, ತಯಾರಕರು, ಬ್ಯಾಚ್, ಎಕ್ಸ್‌ಪೈರಿ ಎಲ್ಲ ಸಿಗುತ್ತದೆ.

ಹತ್ತು ಮಾತ್ರೆಯ ಸ್ಟ್ರಿಪ್‌ನಲ್ಲಿ ನಾಲ್ಕೇ ಬೇಕೆಂದರೆ ಅಂಗಡಿಯವರು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ನಿಮ್ಮ ಪಾಲಿಗೆ ಬಂದ ತುಂಡಿನಲ್ಲಿ ಅರ್ಧ ಹೆಸರೋ ಬರೀ ಕಂಪನಿಯ ಗುರುತೋ ಉಳಿದಿರುತ್ತದೆ. ಕತ್ತರಿಸುವ ಮುಂಚೆಯೇ ಇಡೀ ಸ್ಟ್ರಿಪ್‌ನ ಹಿಂಬದಿಯ ಫೋಟೋ ತೆಗೆದುಕೊಳ್ಳಿ, ಬಿಲ್ ಕೇಳಿ ಪಡೆಯಿರಿ. ಮನೆಯಲ್ಲಿ ನುಂಗುವಾಗಲೂ ಹೆಸರು, ಎಕ್ಸ್‌ಪೈರಿ ಇರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ.

‘ಕಾಂಟೆಂಟ್ ಒಂದೇ, ಕಂಪನಿ ಬೇರೆ ಅಷ್ಟೇ’ ಎನ್ನುವುದು ಬೆಂಗಳೂರಿನ ಯಾವ ಮೆಡಿಕಲ್ಸ್‌ಗೆ ಹೋದರೂ ಕೇಳುವ ಮಾತು. ಬಹಳ ಸಲ ನಿಜವೂ ಹೌದು. ಆದರೆ ಕಾಂಟೆಂಟ್ ಒಂದೇ ಎಂದರೆ ಮಾತ್ರೆ ಒಂದೇ ಎಂದಲ್ಲ. ಮೆಟೊಪ್ರೊಲಾಲ್ ನೋಡಿ. ಸಕ್ಸಿನೇಟ್ ಎಂದಿರುವುದು ನಿಧಾನವಾಗಿ ಬಿಡುಗಡೆಯಾಗುವ, ದಿನಕ್ಕೊಮ್ಮೆಯ ಮಾತ್ರೆ. ಟಾರ್ಟ್ರೇಟ್ ಎಂದಿರುವ ಸಾಮಾನ್ಯ ಮಾತ್ರೆಯನ್ನು ಹೆಚ್ಚಾಗಿ ದಿನಕ್ಕೆರಡು ಸಲ ಕೊಡುತ್ತಾರೆ. ಒಂದರ ಬದಲು ಇನ್ನೊಂದನ್ನು ದಿನಕ್ಕೊಮ್ಮೆ ನುಂಗಿದರೆ ರಾತ್ರಿಯ ಹೊತ್ತಿಗೆ ಔಷಧದ ಬಲ ಮುಗಿದಿರುತ್ತದೆ. ಆಮ್ಲೋಡಿಪಿನ್‌ನಲ್ಲಿ ಉಲ್ಟಾ: ‘ಆಮ್ಲೋಡಿಪಿನ್ ಬೆಸಿಲೇಟ್ ಈಕ್ವಿವಲೆಂಟ್ ಟು ಆಮ್ಲೋಡಿಪಿನ್ 5 ಎಂಜಿ’ ಎಂದು ಬರೆದಿದ್ದರೆ ಬೆಸಿಲೇಟ್ ಎಂಬ ಬಾಲ ನೋಡಿ ಹೆದರಬೇಕಿಲ್ಲ, ಲೆಕ್ಕಕ್ಕೆ ಬರುವುದು ಕೊನೆಯ 5. ಆದರೆ ಹೆಸರಿನ ಮೊದಲಿಗೆ ‘ಎಸ್’ ಸೇರಿದ ಎಸ್-ಆಮ್ಲೋಡಿಪಿನ್ ಆದರೆ 2.5 ಮಿಗ್ರಾಂ ಸಾಮಾನ್ಯ ಆಮ್ಲೋಡಿಪಿನ್ 5ಕ್ಕೆ ಸಮ. ಹೀಗೆ ಎರಡು ಸ್ಟ್ರಿಪ್ ಪಕ್ಕಪಕ್ಕ ಇಟ್ಟು ಹೋಲಿಸುವಾಗ ಔಷಧದ ಹೆಸರು ಬಾಲಸಮೇತ, ಪ್ರಮಾಣ, ಬಿಡುಗಡೆಯ ಬಗೆ, ಈ ಮೂರೂ ಹೊಂದಬೇಕು. ಬಿಡುಗಡೆಯ ಬಗೆಯನ್ನು ಎಸ್‌ಆರ್, ಎಕ್ಸ್‌ಎಲ್, ಇಆರ್, ಸಿಆರ್ ಎಂಬ ಅಕ್ಷರಗಳು ಹೇಳುತ್ತವೆ. ಪ್ರಮಾಣ ನೋಡುವಾಗ ಮಿಲಿಗ್ರಾಂ, ಮೈಕ್ರೋಗ್ರಾಂ ಗೊಂದಲವಾಗದಿರಲಿ: ಥೈರಾಕ್ಸಿನ್ 0.1 ಮಿಗ್ರಾಂ ಎಂದರೂ 100 ಮೈಕ್ರೋಗ್ರಾಂ ಎಂದರೂ ಒಂದೇ.

ಬ್ರ್ಯಾಂಡ್ ಹೆಸರಿನ ಕೊನೆಗೆ ಸೇರುವ ಅಕ್ಷರಗಳಲ್ಲಿ ಕೆಲವು ಇನ್ನೊಂದು ಔಷಧವನ್ನೇ ಒಳಗೆ ಸೇರಿಸಿರುತ್ತವೆ. ಟೆಲ್ಮಾ 40 ಎಂದರೆ ಬರೀ ಟೆಲ್ಮಿಸಾರ್ಟನ್. ಟೆಲ್ಮಾ-ಎಚ್‌ನಲ್ಲಿ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ 12.5 ಸೇರಿದೆ, ಟೆಲ್ಮಾ-ಎಎಂನಲ್ಲಿ ಆಮ್ಲೋಡಿಪಿನ್ 5 ಸೇರಿದೆ. ಟೆಲ್ಮಾ-ಎಎಂ ಜೊತೆಗೆ ಹಳೆಯ ಆಮ್ಲೋಡಿಪಿನ್ ಮಾತ್ರೆಯೂ ಮುಂದುವರಿದು, ಕಾಲು ಊದಿ, ಆ ಊತಕ್ಕೆ ಮತ್ತೊಂದು ಮಾತ್ರೆ ಶುರುವಾಗುವುದುಂಟು. ಅಂಕಿಯೂ ದಾರಿ ತಪ್ಪಿಸಬಹುದು: ಆಗ್ಮೆಂಟಿನ್ 625ರಲ್ಲಿ ಅಮಾಕ್ಸಿಸಿಲಿನ್ 500, ಕ್ಲಾವುಲನಿಕ್ ಆಮ್ಲ 125, ಅಂಕಿ ಎರಡರ ಮೊತ್ತ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಮನೆಗಳಲ್ಲಿ, ಒಂದೇ ಔಷಧ ಎರಡು ಮಾತ್ರೆಯೊಳಗೆ ಸೇರಿದೆಯೇ ಎಂದು ತಪ್ಪದೆ ನೋಡಬೇಕು. ಇಕೋಸ್ಪ್ರಿನ್-ಎವಿ 75ರಲ್ಲಿ ಆಸ್ಪಿರಿನ್ 75 ಮತ್ತು ಅಟೋರ್ವಸ್ಟಾಟಿನ್ ಇದೆ. ಕ್ಲೋಪಿಟ್ಯಾಬ್-ಎ 75ರಲ್ಲಿ ಕ್ಲೊಪಿಡೋಗ್ರೆಲ್ ಮತ್ತು ಆಸ್ಪಿರಿನ್ ಇದೆ. ಒಬ್ಬ ವೈದ್ಯರು ಒಂದನ್ನು, ಇನ್ನೊಬ್ಬರು ಇನ್ನೊಂದನ್ನು ಬರೆದು ಎರಡೂ ಡಬ್ಬಿಯಲ್ಲಿದ್ದರೆ ಆಸ್ಪಿರಿನ್ ಎರಡು ಸಲ ಹೋಗುತ್ತಿದೆ. ಹಾಗೆ ಕಂಡರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಸ್ಟೆಂಟ್ ಇರುವವರು ರಕ್ತ ತೆಳುಮಾಡುವ ಮಾತ್ರೆ ಬಿಡುವುದು ಇನ್ನೂ ಅಪಾಯ. ಅದೇ ದಿನ ವೈದ್ಯರಿಗೆ ಎರಡರ ಫೋಟೋ ಕಳಿಸಿ.

ಜನರಿಕ್ ಹೆಸರಿನ ಕೊನೆಯ ಅಕ್ಷರಗಳು ಔಷಧದ ಬಳಗವನ್ನು ತಿಳಿಸುತ್ತವೆ. ‘ಸಾರ್ಟನ್’, ‘ಪ್ರಿಲ್’ ಬಿಪಿಯವು, ‘ಸ್ಟಾಟಿನ್’ ಕೊಲೆಸ್ಟರಾಲ್‌ನದು, ‘ಗ್ಲಿಪ್ಟಿನ್’ ಶುಗರ್‌ನದು, ‘ಪ್ರಜೋಲ್’ ಹೊಟ್ಟೆಯ ಆಮ್ಲ ಕಡಿಮೆ ಮಾಡುವ, ನಾವು ಗ್ಯಾಸ್ ಮಾತ್ರೆ ಎನ್ನುವಂಥದ್ದು. ಒಂದೇ ಬಾಲದ ಎರಡು ಮಾತ್ರೆ ಡಬ್ಬಿಯಲ್ಲಿದ್ದರೆ, ಉದಾಹರಣೆಗೆ ಟೆಲ್ಮಿಸಾರ್ಟನ್ ಮತ್ತು ಲೋಸಾರ್ಟನ್, ವೈದ್ಯರನ್ನು ಕೇಳಲೇಬೇಕು. ಆದರೆ ಇದು ಕೇಳುವುದಕ್ಕೆ ಸುಳಿವು, ತೀರ್ಮಾನಕ್ಕಲ್ಲ. ಅರಿಪಿಪ್ರಜೋಲ್‌ಗೂ ‘ಪ್ರಜೋಲ್’ ಬಾಲವಿದೆ, ಅದು ಮನೋರೋಗಕ್ಕೆ ಕೊಡುವ ಔಷಧ. ತಲೆ ನೋಡಿ ನಂಬಿದರಂತೂ ಇನ್ನೂ ಕಷ್ಟ: ಕಾರ್ಬಿಮಜೋಲ್ ಥೈರಾಯ್ಡ್‌ಗೆ, ಕಾರ್ಬಮಜೆಪೀನ್ ಫಿಟ್ಸ್‌ಗೆ.

ಹೆಸರು ಹೋಲುವುದರಲ್ಲಿ ನಮಗೆ ಅತಿ ಭಯ ಹುಟ್ಟಿಸುವ ಜೋಡಿ ಫೋಲಿಟ್ರ್ಯಾಕ್ಸ್ ಮತ್ತು ಫೋಲ್ವೈಟ್. ಸಂಧಿವಾತಕ್ಕೆ ಔಷಧ ತೆಗೆದುಕೊಳ್ಳುವವರ ಡಬ್ಬಿಯಲ್ಲಿ ಎರಡೂ ಒಟ್ಟಿಗೇ ಇರಬಹುದು. ಫೋಲ್ವೈಟ್ ಬರೀ ಫೋಲಿಕ್ ಆಸಿಡ್, ಒಂದು ವಿಟಮಿನ್. ಫೋಲಿಟ್ರ್ಯಾಕ್ಸ್ ಮೆಥೊಟ್ರೆಕ್ಸೇಟ್, ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ಕೊಡುತ್ತಾರೆ. ಅದನ್ನು ವಿಟಮಿನ್ ಎಂದುಕೊಂಡು ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ಮೂಳೆಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಿ, ಜೀವಕ್ಕೇ ಬರಬಹುದು. ಆ ಸ್ಟ್ರಿಪ್ ಮೇಲೆ ಮಾರ್ಕರ್‌ನಲ್ಲಿ ದಿನದ ಹೆಸರು ದೊಡ್ಡದಾಗಿ ಬರೆಯಿರಿ, ‘ಸೋಮವಾರ ಮಾತ್ರ’ ಎಂದು, ಮತ್ತು ಬೇರೆ ಡಬ್ಬಿಯಲ್ಲಿಡಿ.

ಕೆಲವು ಔಷಧಗಳಲ್ಲಿ ಹೆಸರು, ಪ್ರಮಾಣ ಎಲ್ಲ ಹೊಂದಿದರೂ ಬ್ರ್ಯಾಂಡ್ ಪದೇಪದೇ ಬದಲಿಸದಿರುವುದು ಒಳ್ಳೆಯದು: ಥೈರಾಕ್ಸಿನ್, ಫಿನಿಟಾಯಿನ್‌ನಂಥ ಫಿಟ್ಸ್ ಮಾತ್ರೆಗಳು, ವಾರ್ಫರಿನ್, ಲಿಥಿಯಂ, ಕಿಡ್ನಿ ಕಸಿಯಾದವರ ಟ್ಯಾಕ್ರೋಲಿಮಸ್. ಇವುಗಳಲ್ಲಿ ಸಾಕಾಗುವ ಪ್ರಮಾಣಕ್ಕೂ ಹೆಚ್ಚಾಗುವ ಪ್ರಮಾಣಕ್ಕೂ ಅಂತರ ಬಹಳ ಕಿರಿದು. ಬದಲಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ ಬದಲಿಸಿ. ಥೈರಾಕ್ಸಿನ್ ಆದರೆ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಇನ್ಹೇಲರ್‌ನಲ್ಲಿ ಔಷಧ ಒಂದೇ ಇದ್ದರೂ ಎಳೆದುಕೊಳ್ಳುವ ವಿಧಾನ ಬೇರೆಯಾಗಬಹುದು.

ಅಂಗಡಿಯಲ್ಲಿ ಬ್ರ್ಯಾಂಡ್ ಬದಲಿಸಿ ಕೊಡುವುದರ ಬಗ್ಗೆ ನಿಯಮ ಸ್ಪಷ್ಟವಿದೆ: ಷೆಡ್ಯೂಲ್ ಎಚ್ ಔಷಧಕ್ಕೆ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಕ್ಕೆ, ಚೀಟಿಯಲ್ಲಿ ಬರೆದ ತಯಾರಿಕೆಯ ಬದಲು ಬೇರೆಯದನ್ನು ಕೊಡುವಂತಿಲ್ಲ, ಒಳಗಿರುವುದು ಅದೇ ಆದರೂ. ನಿಮ್ಮ ಚೀಟಿಯಲ್ಲಿ ಟೆಲ್ಮಿಸಾರ್ಟನ್ ಎಂದೇ ಇದ್ದುದರಿಂದ ಟೆಲ್ಮಿಕೈಂಡ್ ಕೊಟ್ಟದ್ದರಲ್ಲಿ ತಪ್ಪಿಲ್ಲ. ಮುಂದಿನ ಭೇಟಿಯಲ್ಲಿ ವೈದ್ಯರನ್ನು ಹೀಗೆ ಕೇಳಿ: ‘ಡಾಕ್ಟ್ರೇ, ಔಷಧದ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದುಕೊಡಿ. ಇದರಲ್ಲಿ ಯಾವುದು ಹಳೆಯದು ಮುಂದುವರಿಯುವುದು, ಯಾವುದು ಹೊಸದು, ಯಾವುದು ನಿಂತಿತು?’ ಡಿಸ್ಚಾರ್ಜ್ ದಿನ ಕೊನೆಯ ಪ್ರಶ್ನೆಯೊಂದನ್ನು ಕೇಳಿದ್ದರೂ ಅಮ್ಮನ ಆ ನಾಲ್ಕು ದಿನ ತಪ್ಪುತ್ತಿತ್ತು.

ಮನೆಗೆ ಒಂದು ಹಾಳೆ ಸಾಕು. ಸಾಲಿಗೊಂದು ಔಷಧ, ಜನರಿಕ್ ಹೆಸರು ಮೊದಲು: ‘ಟೆಲ್ಮಿಸಾರ್ಟನ್ 40 ಮಿಗ್ರಾಂ, ಬಿಪಿಗೆ, ಬೆಳಿಗ್ಗೆ 1, ಈಗ ಇರುವ ಬ್ರ್ಯಾಂಡ್ ಟೆಲ್ಮಾ.’ ಬ್ರ್ಯಾಂಡ್ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಬದಲಾಗುವುದು ಅದೊಂದೇ. ಕಾಂಬಿನೇಷನ್ ಮಾತ್ರೆಯಾದರೆ ಒಳಗಿರುವ ಎಲ್ಲ ಹೆಸರನ್ನೂ ಬರೆಯಿರಿ. ಹೊಸ ಸ್ಟ್ರಿಪ್ ಬಂದಾಗ ಅದರ ಹಿಂಬದಿಯ ಹೆಸರು ಹಾಳೆಯಲ್ಲಿ ಆಗಲೇ ಇದ್ದರೆ, ಅದು ಹಳೆಯದರ ಬದಲಿಗೆ ಬಂದದ್ದು, ಹಳೆಯದರ ಜೊತೆಗಲ್ಲ. ಹಾಳೆಯ ಫೋಟೋ ಮನೆಯವರೆಲ್ಲರ ಫೋನಿನಲ್ಲಿರಲಿ, ಅಮೆರಿಕದ ತಮ್ಮನ ಫೋನಿನಲ್ಲೂ.

ಉಳಿದಿರುವ ಎರಡು ಸ್ಟ್ರಿಪ್ ಟೆಲ್ಮಾ ಎಸೆಯಬೇಡಿ. ಹಿಂಬದಿಯಲ್ಲಿ ಟೆಲ್ಮಿಸಾರ್ಟನ್ 40 ಒಂದೇ ಇದೆ, ಎಚ್ ಅಥವಾ ಎಎಂ ಇಲ್ಲ ಎಂದು ನೋಡಿಕೊಳ್ಳಿ. ಎಕ್ಸ್‌ಪೈರಿ ಯಾವುದರದು ಮೊದಲಿದೆಯೋ ಆ ಸ್ಟ್ರಿಪ್ ಮೊದಲು ಮುಗಿಸಿ. ಅಮ್ಮನ ಡಬ್ಬಿಯಲ್ಲಿ ಒಂದೇ ಸ್ಟ್ರಿಪ್ ಇರಲಿ, ಉಳಿದವು ನಿಮ್ಮ ಬೀರುವಿನಲ್ಲಿರಲಿ. ವಾರಕ್ಕಾಗುವಷ್ಟು ಮಾತ್ರೆ ಬಿಡಿಸಿ ಡಬ್ಬಿಗೆ ತುಂಬುವ ಅಭ್ಯಾಸವಿದ್ದರೆ ಇದೊಂದಕ್ಕೆ ಬೇಡ, ಟೆಲ್ಮಿಸಾರ್ಟನ್ ಗಾಳಿಯ ತೇವ ಹೀರುತ್ತದೆ, ನುಂಗುವಾಗಲೇ ಫಾಯಿಲ್ ಒಡೆಯಬೇಕು. ಟೈಲೆನಾಲ್ ಡಬ್ಬಿಯ ಮೇಲೆ ‘ಪ್ಯಾರಾಸಿಟಮಾಲ್, ಡೋಲೋ ಇದೇ’ ಎಂದು ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿ, ಡೋಲೋ ಇಡುವ ಜಾಗದಲ್ಲೇ ಇಡಿ.